ಏಪ್ರಿಲ್ ತಿಂಗಳು, ರಾತ್ರಿ ಎಂಟರ ಕರೆಂಟು

ಕೇಳುಗರಿಗೆ ನಮಸ್ಕಾರ.

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಕಾಲೇಜುಗಳಲ್ಲಿ ಅಣುವಿದ್ಯುತ್ತಿನ ಮೇಲೆ ತಜ್ಞರ ಗೋಷ್ಠಿ ಇಟ್ಟರೆ ಬ್ಯಾನರಿನ ಮೇಲೆ ಸಾಮಾನ್ಯವಾಗಿ ಕಾಣುವ ಸಾಲು ‘ಅಣುವಿದ್ಯುತ್: ವರವೋ ಶಾಪವೋ?’ ಗೋಷ್ಠಿ ಕೆಡುವುದು ಅಲ್ಲಿಂದಲೇ. ವರ ಎನ್ನುವವರು ಒಂದು ಕಡೆ, ಶಾಪ ಎನ್ನುವವರು ಇನ್ನೊಂದು ಕಡೆ ಕೂತು ಒಂದೂವರೆ ತಾಸು ಮಾತಾಡಿದರೂ, ಕೇಳಲು ಬಂದವರು ಬರುವಾಗ ಇದ್ದ ಅಭಿಪ್ರಾಯವನ್ನೇ ತಿರುಗಿ ಮನೆಗೆ ಒಯ್ಯುತ್ತಾರೆ. ಇಂಥ ಗೋಷ್ಠಿಯನ್ನು ನಡೆಸಿಕೊಡುವವರ ಕೆಲಸವೇನು, ಅದು ಎಲ್ಲಿ ತಪ್ಪುತ್ತದೆ ಎನ್ನುವುದೇ ಇವತ್ತಿನ ಮಾತು.

ಮೊದಲು ಪ್ರಶ್ನೆ ಬದಲಾಗಬೇಕು. ಹೀಗೆ ಕೇಳಿ ನೋಡಿ: 2040ರ ಏಪ್ರಿಲ್ ತಿಂಗಳು, ರಾತ್ರಿ ಎಂಟು ಗಂಟೆ. ವಿಜಯಪುರದ ಮನೆಗಳಿಗೆ ಕರೆಂಟು ಎಲ್ಲಿಂದ ಬರುತ್ತದೆ?

ಏಪ್ರಿಲ್ಲೇ ಯಾಕೆ, ರಾತ್ರಿಯೇ ಯಾಕೆ? ಹೊತ್ತು ಮುಳುಗಿರುವುದರಿಂದ ಸೋಲಾರ್ ಇಲ್ಲ. ಗಾಳಿಯಂತ್ರಗಳಿಗೆ ಸುಗ್ಗಿ ಎಂದರೆ ಜೂನ್‌ನಿಂದ ಸೆಪ್ಟೆಂಬರ್. ಏಪ್ರಿಲ್‌ನಲ್ಲಿ ಅವುಗಳ ಮೇಲೆ ಅಷ್ಟು ಭರವಸೆ ಇಡಲಾಗದು. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ನುರಿಸುವ ಹಂಗಾಮು ಮುಗಿದು, ಸಿಪ್ಪೆ ಸುಟ್ಟು ಮಾಡುವ ವಿದ್ಯುತ್ತೂ ಬಹುಮಟ್ಟಿಗೆ ನಿಂತಿರುತ್ತದೆ. ಆಲಮಟ್ಟಿಯಲ್ಲಿ 290 ಮೆಗಾವ್ಯಾಟ್ ಜಲವಿದ್ಯುತ್ ಇದೆ, ಆದರೆ ಅದು ಹೊಳೆಗೆ ಬಿಡುವ ನೀರನ್ನು ನಂಬಿಕೊಂಡದ್ದು. ಉಳಿಯುವುದು ಕೂಡಗಿಯ ಕಲ್ಲಿದ್ದಲು ಸ್ಥಾವರದ 2,400 ಮೆಗಾವ್ಯಾಟ್, ದಕ್ಷಿಣದ ಬೇರೆ ರಾಜ್ಯಗಳಿಗೂ ಹಂಚಿಹೋಗುವ ಕೈಗಾ ಅಣುಸ್ಥಾವರದ ಈಗಿನ 880 ಮೆಗಾವ್ಯಾಟ್, ಅಷ್ಟರಲ್ಲಿ ಕಟ್ಟಿ ಮುಗಿದಿದ್ದರೆ ಬ್ಯಾಟರಿಗಳು, ಇಲ್ಲವೆ ಸವದತ್ತಿ ಬಳಿ ಯೋಜಿಸಿರುವಂಥ ಪಂಪ್ಡ್ ಸ್ಟೋರೇಜ್, ಅಂದರೆ ನೀರನ್ನು ಮೇಲಕ್ಕೆತ್ತಿ ಇಟ್ಟು ಬೇಕಾದಾಗ ಕೆಳಗೆ ಬಿಟ್ಟು ಕರೆಂಟು ತೆಗೆಯುವ ಏರ್ಪಾಡು. ಈ ಪ್ರಶ್ನೆ ಮುಂದಿಟ್ಟರೆ ಯಾರೂ ಜಾರಿಕೊಳ್ಳುವಂತಿಲ್ಲ. ಸೋಲಾರ್ ಪರ ಇರುವವರು ಸಂಗ್ರಹಣೆಯ ಖರ್ಚನ್ನೂ ಸೇರಿಸಿ ಹೇಳಬೇಕು. ಅಣುವಿದ್ಯುತ್ತಿನವರು ಆ ರಾತ್ರಿಯೇ ಒಂದು ಘಟಕ ಟ್ರಿಪ್ ಆಗಿ ದಿಢೀರನೆ ನಿಂತರೆ ಏನು ಗತಿ ಎಂದು ಹೇಳಬೇಕು. ಕಲ್ಲಿದ್ದಲಿನವರು ಹೊಗೆ, ಬೂದಿಯ ಲೆಕ್ಕ ಕೊಡಬೇಕು.

ಎರಡನೆಯದು ಅಳತೆ. ಇಂಥ ಗೋಷ್ಠಿಗಳ ಜಗಳದಲ್ಲಿ ಅರ್ಧದಷ್ಟು ಅಭಿಪ್ರಾಯದ ಜಗಳವೇ ಅಲ್ಲ, ಅಳತೆಯ ಗೊಂದಲ. ಕೈಗಾದ ಒಂದು ಘಟಕ 220 ಮೆಗಾವ್ಯಾಟ್. 220 ಮೆಗಾವ್ಯಾಟಿನ ಸೋಲಾರ್ ಪಾರ್ಕೂ ಅಷ್ಟೇ ಎಂದು ಒಬ್ಬರು ಹೇಳಿಬಿಡುತ್ತಾರೆ. ವರ್ಷದ ಯೂನಿಟ್‌ಗೆ ತಿರುಗಿಸಿ ನೋಡಿ. ಅಣು ಘಟಕ ಶೇಕಡಾ 85ರಷ್ಟು ನಡೆದರೆ ಸುಮಾರು 164 ಕೋಟಿ ಯೂನಿಟ್. ಸೋಲಾರ್ ಶೇಕಡಾ 20ರಷ್ಟು ಕೊಟ್ಟರೆ 38 ಕೋಟಿ ಚಿಲ್ಲರೆ. ಹಾಗಂತ ಅಣುವೇ ಗೆದ್ದಂತೆ ಆಗಲಿಲ್ಲ. ಸೋಲಾರ್ ಪಾರ್ಕನ್ನು ಒಂದೆರಡು ವರ್ಷದಲ್ಲಿ ಕಟ್ಟಬಹುದು. ಗುಜರಾತಿನ ಕಾಕ್ರಪಾರ ಅಣುಸ್ಥಾವರದ ಮೂರನೆಯ ಘಟಕಕ್ಕೆ ಮೊದಲ ಕಾಂಕ್ರೀಟು ಬಿದ್ದದ್ದು 2010ರಲ್ಲಿ, ಒಳಗೆ ಪರಮಾಣು ಒಡೆಯುವ ಸರಪಳಿ ಕ್ರಿಯೆ ಶುರುವಾದದ್ದು 2020ರಲ್ಲಿ, ವಾಣಿಜ್ಯ ಉತ್ಪಾದನೆ 2023ರಲ್ಲಿ. ‘ಇಷ್ಟು ವರ್ಷದಲ್ಲಿ ಮುಗಿಯುತ್ತದೆ’ ಎಂದು ಯಾರಾದರೂ ಅಂದರೆ, ಎಲ್ಲಿಂದ ಎಲ್ಲಿಯವರೆಗೆ ಎಣಿಸಿದಿರಿ ಎಂದು ಅಲ್ಲೇ ಕೇಳಬೇಕು. ಕಟ್ಟುವ ಕಾಲದ ಬಡ್ಡಿಯೇ ಅಣುವಿದ್ಯುತ್ತಿನ ದರದಲ್ಲಿ ದೊಡ್ಡ ಪಾಲು.

ವಿಕಿರಣದ ಮಾತು ಬಂದಾಗ ಬೆಕೆರೆಲ್ ಮತ್ತು ಮಿಲಿಸೀವರ್ಟ್ ಎಂಬ ಎರಡು ಅಳತೆಗಳು ಕಲಸಿಹೋಗುತ್ತವೆ. ಬೆಕೆರೆಲ್ ಎಂದರೆ ಸೆಕೆಂಡಿಗೆ ಒಂದು ಪರಮಾಣು ಸಿಡಿಯುವುದು. ತೀರಾ ಚಿಕ್ಕ ಅಳತೆ, ಹಾಗಾಗಿ ಅಂಕಿ ಯಾವಾಗಲೂ ದೊಡ್ಡದಾಗಿ ಕೇಳಿಸುತ್ತದೆ. ನಮ್ಮ ಮೈಯಲ್ಲೇ ಪೊಟ್ಯಾಸಿಯಂನಿಂದ ನಾಲ್ಕು ಸಾವಿರದಷ್ಟು ಬೆಕೆರೆಲ್ ಇರುತ್ತದೆ. ಮೈಗೆ ತಗಲುವ ಪರಿಣಾಮ ತಿಳಿಯಬೇಕಾದರೆ ಮಿಲಿಸೀವರ್ಟ್ ಬೇಕು. ನಿಸರ್ಗದಿಂದ ಬರುವುದು ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ 2.4, ಅದರ ಮೇಲೆ ಸ್ಥಾವರಗಳಿಂದ ಸಾರ್ವಜನಿಕರಿಗೆ ಬೀಳಬಹುದಾದ ಮಿತಿ 1. ಗೋಷ್ಠಿಗೆ ಹತ್ತು ದಿನ ಮೊದಲೇ ಎಲ್ಲ ತಜ್ಞರಿಗೂ ಒಂದು ಪುಟ ಕಳಿಸಿಬಿಡಬೇಕು: ಉತ್ಪಾದನೆ ಯೂನಿಟ್‌ನಲ್ಲಿ, ವಿಕಿರಣ ಮಿಲಿಸೀವರ್ಟ್‌ನಲ್ಲಿ, ಇಂಗಾಲ ಯೂನಿಟ್‌ಗೆ ಎಷ್ಟು ಗ್ರಾಂ ಎಂದು, ಅದೂ ಗಣಿಯಿಂದ ಹಿಡಿದು ಸ್ಥಾವರ ಕಳಚುವವರೆಗಿನ ಲೆಕ್ಕ. ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ ಐಪಿಸಿಸಿ 2014ರಲ್ಲಿ ಕೊಟ್ಟ ಮಧ್ಯಾಂಕಗಳ ಪ್ರಕಾರ ಕಲ್ಲಿದ್ದಲಿಗೆ 820, ದೊಡ್ಡ ಸೋಲಾರ್ ಪಾರ್ಕಿಗೆ 48, ಅಣುವಿಗೆ 12, ನೆಲದ ಮೇಲಿನ ಗಾಳಿಯಂತ್ರಕ್ಕೆ 11. ‘ಅಣುವಿದ್ಯುತ್ತಿನಲ್ಲಿ ಇಂಗಾಲ ಸೊನ್ನೆ’ ಎನ್ನುವವರಿಗೆ ಈ 12 ನೆನಪಿಸಿದರೆ ಸಾಕು.

ಸಭೆ ಅತಿ ಹೆಚ್ಚು ಕಾವೇರುವುದು ತ್ಯಾಜ್ಯದ ವಿಷಯಕ್ಕೆ. ‘ಎಷ್ಟು ವರ್ಷ ಕಾಯಬೇಕು?’ ಎಂಬ ಪ್ರಶ್ನೆಗೆ ಒಬ್ಬರು ತಿಂಗಳುಗಳು ಎನ್ನುತ್ತಾರೆ, ಒಬ್ಬರು ಮುನ್ನೂರು ವರ್ಷ, ಇನ್ನೊಬ್ಬರು ಲಕ್ಷ ವರ್ಷ. ಮೂವರೂ ಸುಳ್ಳು ಹೇಳುತ್ತಿಲ್ಲ. ಅಯೋಡಿನ್-131ರ ಅರ್ಧಾಯುಷ್ಯ, ಅಂದರೆ ವಿಕಿರಣ ಅರ್ಧಕ್ಕೆ ಇಳಿಯಲು ಬೇಕಾದ ಕಾಲ, 8 ದಿನ, ಸೀಸಿಯಂ-137ರದು 30 ವರ್ಷ, ಪ್ಲುಟೋನಿಯಂ-239ರದು 24,100 ವರ್ಷ. ಹತ್ತು ಅರ್ಧಾಯುಷ್ಯ ಕಳೆದರೆ ಸಾವಿರದಲ್ಲಿ ಒಂದು ಪಾಲು ಉಳಿಯುತ್ತದೆ. ಮುನ್ನೂರು ವರ್ಷದ ಲೆಕ್ಕ ಹುಟ್ಟುವುದು ಸೀಸಿಯಂನಿಂದ. ಆದ್ದರಿಂದ ನಡೆಸಿಕೊಡುವವರ ಮರುಪ್ರಶ್ನೆ ಎರಡೇ: ಯಾವ ಧಾತು? ಇಂಧನವನ್ನು ಮರುಸಂಸ್ಕರಿಸಿದ ಮೇಲೋ, ಮೊದಲೋ? ನಮ್ಮ ದೇಶದಲ್ಲಿ ಬಳಸಿದ ಇಂಧನವನ್ನು ನೀರಿನ ಕೊಳದಲ್ಲಿ ವರ್ಷಗಟ್ಟಲೆ ತಣಿಸಿ, ಪ್ಲುಟೋನಿಯಂ ಬೇರ್ಪಡಿಸಿ, ಉಳಿದ ತೀವ್ರ ತ್ಯಾಜ್ಯವನ್ನು ಗಾಜಿನಲ್ಲಿ ಕರಗಿಸಿ ಉಕ್ಕಿನ ಡಬ್ಬಿಗೆ ಹಾಕುವ ಪದ್ಧತಿ ಇದೆ. ಆ ಡಬ್ಬಿಗಳನ್ನು ಶಾಶ್ವತವಾಗಿ ನೆಲದಾಳದಲ್ಲಿ ಇಡುವ ಜಾಗ ಭಾರತದಲ್ಲಿ ಇನ್ನೂ ಇಲ್ಲ. ತಜ್ಞರು ಇದನ್ನು ತಾವಾಗಿ ಹೇಳದಿದ್ದರೆ ಹೇಳಿಸಬೇಕು.

ಸುರಕ್ಷತೆಯಲ್ಲಿ ಸಭಿಕರು ಕೇಳುವುದು ‘ಬಾಂಬಿನ ಹಾಗೆ ಸಿಡಿಯುತ್ತದೆಯೇ?’ ಎಂದು. ತಜ್ಞರು ನಕ್ಕು ‘ಇಲ್ಲ’ ಎನ್ನುತ್ತಾರೆ, ವಿಷಯ ಮುಚ್ಚಿಹೋಗುತ್ತದೆ. ಕೇಳಬೇಕಾದದ್ದು: ಸ್ಥಾವರ ಬಂದ್ ಮಾಡಿದ ಮೇಲೆ ಏನಾಗುತ್ತದೆ? 220 ಮೆಗಾವ್ಯಾಟ್ ವಿದ್ಯುತ್ತಿಗಾಗಿ ಒಳಗೆ ಸುಮಾರು 750 ಮೆಗಾವ್ಯಾಟ್ ಶಾಖ ಹುಟ್ಟುತ್ತಿರುತ್ತದೆ. ಸರಪಳಿ ಕ್ರಿಯೆ ನಿಲ್ಲಿಸಿದ ಕ್ಷಣದಲ್ಲೂ ಅದರ ಶೇಕಡಾ 6–7, ಅಂದರೆ 50 ಮೆಗಾವ್ಯಾಟಿನಷ್ಟು, ಉಳಿಯುತ್ತದೆ. ಒಂದು ದಿನದ ಮೇಲೆ ಶೇಕಡಾ ಅರ್ಧದ ಹತ್ತಿರ. 2011ರಲ್ಲಿ ಫುಕುಶಿಮಾದಲ್ಲಿ ಭೂಕಂಪವಾದ ಕೂಡಲೇ ನಡೆಯುತ್ತಿದ್ದ ರಿಯಾಕ್ಟರುಗಳು ಸರಿಯಾಗಿಯೇ ನಿಂತವು. ಸುನಾಮಿ ಬಂದು ಡೀಸೆಲ್ ಜನರೇಟರುಗಳನ್ನು ಮುಳುಗಿಸಿತು; ಉಳಿದ ಶಾಖ ತೆಗೆಯುವವರಿಲ್ಲದೆ ಇಂಧನ ಕರಗಿತು. ಕೈಗಾದ ಮಾತು ಎತ್ತುವವರೂ ಆಯ್ದು ಆಯ್ದು ಹೇಳುತ್ತಾರೆ. 1994ರಲ್ಲಿ ಕಟ್ಟುವಾಗ ಗುಮ್ಮಟದ ಒಳಪದರ ಕಳಚಿಬಿದ್ದದ್ದು, 2009ರಲ್ಲಿ ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರೀಶಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ ಸೇರಿಸಿದ್ದು ಒಬ್ಬರ ಬಾಯಲ್ಲಿ. ಮೊದಲ ಘಟಕ 2018ರ ಕೊನೆಯ ಹೊತ್ತಿಗೆ 962 ದಿನ ಒಂದೇ ಸಮನೆ ನಡೆದು ದಾಖಲೆ ಮಾಡಿದ್ದು ಇನ್ನೊಬ್ಬರ ಬಾಯಲ್ಲಿ. ಮೂರೂ ಒಂದೇ ಹಾಳೆಯ ಮೇಲೆ ಇರಲಿ.

ಕೃಷ್ಣೆಯ ದಂಡೆಯವರು ನೀರು ಕೇಳದೆ ಬಿಡುವುದಿಲ್ಲ. ಇಲ್ಲಿ ಒಂದು ಭೇದ ಬಿಡಿಸಿಡಬೇಕು: ಎಳೆದುಕೊಂಡ ನೀರು ಬೇರೆ, ಆವಿಯಾಗಿ ಹೋದ ನೀರು ಬೇರೆ. ನೀರನ್ನು ಒಮ್ಮೆ ಹಾಯಿಸಿ ತಿರುಗಿ ಬಿಟ್ಟರೆ ಎಳೆತ ಬಹಳ, ಕಳೆತ ಕಡಿಮೆ, ಹೊಳೆ ಬಿಸಿಯಾಗುತ್ತದೆ. ಕೂಲಿಂಗ್ ಟವರ್ ಇದ್ದರೆ ಎಳೆತ ಕಡಿಮೆ, ಕಳೆತ ಹೆಚ್ಚು. ಇನ್ನು ಬಾಗಲಕೋಟೆಯಲ್ಲಿ ಭೂಮಿಯ ಮಾತಾಡುವಾಗ ಜೋಕೆ. ಆಲಮಟ್ಟಿಯ ಹಿನ್ನೀರಿಗೆ ಮನೆ, ಹೊಲ ಬಿಟ್ಟು ನವನಗರಕ್ಕೆ ಬಂದವರ ಎದುರು ‘ಪುನರ್ವಸತಿ ಒಂದು ಸಣ್ಣ ವಿಷಯ’ ಎಂದ ತಜ್ಞನ ಮಾತನ್ನು ಮುಂದೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ವೇದಿಕೆಯ ಏರ್ಪಾಡು ಚುಟುಕಾಗಿ ಹೇಳುತ್ತೇನೆ. ತಜ್ಞರು ನಾಲ್ವರಿಗಿಂತ ಹೆಚ್ಚು ಬೇಡ: ರಿಯಾಕ್ಟರ್ ಬಲ್ಲವರೊಬ್ಬರು, ಕರೆಂಟು ಹಂಚುವ ಜಾಲ, ಅಂದರೆ ಗ್ರಿಡ್, ನಡೆಸಿದವರೊಬ್ಬರು, ವಿಕಿರಣ ಮತ್ತು ಆರೋಗ್ಯದವರೊಬ್ಬರು, ಖರ್ಚು ಮತ್ತು ಪರಿಸರದ ಲೆಕ್ಕ ಬಲ್ಲ ಟೀಕಾಕಾರರೊಬ್ಬರು. ಗ್ರಿಡ್ಡಿನವರನ್ನು ಬಿಟ್ಟು ಗೋಷ್ಠಿ ಮಾಡುವುದೇ ಹೆಚ್ಚು, ಅದೇ ದೊಡ್ಡ ಕೊರತೆ. ತೊಂಬತ್ತು ನಿಮಿಷದಲ್ಲಿ ದೀಪ, ಪ್ರಾರ್ಥನೆ, ಶಾಲು, ಹಾರ ಇವಕ್ಕೆ ಹತ್ತು ನಿಮಿಷ ಮೀರಿದರೆ ಪ್ರಶ್ನೋತ್ತರ ಸತ್ತಂತೆ, ಸನ್ಮಾನ ಕೊನೆಗಿರಲಿ. ಹಿರಿಯರ ಮಾತನ್ನು ನಡುವೆ ತಡೆಯುವುದು ನಮ್ಮ ಕಡೆ ಅವಮಾನವೆನಿಸುತ್ತದೆ. ಆದ್ದರಿಂದ ತಲಾ ಐದು ನಿಮಿಷ ಎಂಬುದನ್ನು ಮೊದಲೇ ಫೋನಿನಲ್ಲಿ ಒಪ್ಪಿಸಿ, ಎಲ್ಲರಿಗೂ ಕಾಣುವಂತೆ ಎದುರಿಗೇ ಗಡಿಯಾರ ಇಡಬೇಕು.

ಸಭೆಯ ಪ್ರಶ್ನೆಗಳು ಚೀಟಿಯಲ್ಲಿ ಬರಲಿ. ಮೈಕು ಕೊಟ್ಟರೆ ಮುಂದಿನ ಸಾಲಿನವರು ಭಾಷಣ ಮಾಡುತ್ತಾರೆ, ಹಿಂದೆ ಕೂತ ಹುಡುಗಿಯರ ಪ್ರಶ್ನೆ ಹಿಂದೆಯೇ ಉಳಿಯುತ್ತದೆ. ಚೀಟಿಗಳಿಗೆ ನಂಬರು ಹಾಕಿ ಸುರಕ್ಷತೆ, ನೀರು–ಭೂಮಿ, ಹಣ, ತ್ಯಾಜ್ಯ ಎಂದು ನಾಲ್ಕು ಗುಂಪು ಮಾಡಿ, ಒಂದೇ ಬಗೆಯವನ್ನು ಸೇರಿಸಿ ಓದಬೇಕು. ಉಳಿದ ಚೀಟಿಗಳನ್ನು ಆಯಾ ತಜ್ಞರಿಗೆ ಕೊಟ್ಟು, ವಾರದೊಳಗೆ ಕನ್ನಡದಲ್ಲಿ ಉತ್ತರ ಬರೆಸಿ, ನಂಬರಿನ ಪ್ರಕಾರ ಕಾಲೇಜಿನ ನೋಟೀಸ್ ಬೋರ್ಡಿಗೆ ಹಚ್ಚಬೇಕು. ಇಬ್ಬರು ತಜ್ಞರ ಉತ್ತರ ಬೇರೆಬೇರೆಯಾಗಿದ್ದರೆ ಎರಡನ್ನೂ ಪಕ್ಕಪಕ್ಕದಲ್ಲೇ ಹಚ್ಚಿ, ಹೊಂದಾಣಿಕೆ ಮಾಡಲು ಹೋಗಬೇಡಿ.

ನಮಸ್ಕಾರ.