ನಾಲ್ಕು ಕಾರ್ಡು, ಒಂದು ತಂತಿ

ಕೇಳುಗರೇ, ನಮಸ್ಕಾರ.

ಗಿಟಾರ್ ಹಿಡಿದು ಒಂದೆರಡು ವರ್ಷವಾದವರಲ್ಲಿ ಬಹಳ ಮಂದಿ ಒಂದೇ ಕಡೆ ಬಂದು ನಿಂತುಬಿಡುತ್ತಾರೆ. ಕಾರ್ಡುಗಳು, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು, ಬರುತ್ತವೆ, ಹಾಡಿಗೆ ಸ್ಟ್ರಮ್ ಮಾಡಲು ಬರುತ್ತದೆ, ಐದನೇ ಫ್ರೆಟ್ಟಿನ (ಫ್ರೆಟ್ ಅಂದರೆ ಗಿಟಾರಿನ ಕತ್ತಿನ ಮೇಲಿನ ಮನೆ) ಪೆಂಟಟೋನಿಕ್ ಅನ್ನುವ ಐದು ಸ್ವರದ ಸ್ಕೇಲು ಕಣ್ಣು ಮುಚ್ಚಿದರೂ ಬೆರಳಿಗೆ ಸಿಗುತ್ತದೆ. ಆದರೆ ‘ಈಗ ನಿನ್ನದೇ ಆಗಿ ಏನಾದರೂ ನುಡಿಸು’ ಅಂದರೆ, ಕೈ ಸ್ಕೇಲಿನ ಮೆಟ್ಟಿಲು ಹತ್ತುತ್ತದೆ, ಇಳಿಯುತ್ತದೆ, ಮತ್ತೆ ಹತ್ತುತ್ತದೆ. ನಾನೂ ಆ ಮೆಟ್ಟಿಲ ಮೇಲೆ ಸಾಕಷ್ಟು ವರ್ಷ ಕಳೆದವನೇ.

ಒಂದು ದಿನ ಬ್ಯಾಕಿಂಗ್ ಟ್ರ್ಯಾಕ್, ಅಂದರೆ ಹಿನ್ನೆಲೆಯ ಕಾರ್ಡುಗಳ ರೆಕಾರ್ಡಿಂಗ್, ಹಾಕಿಕೊಂಡು ಅದರ ಮೇಲೆ ಸೋಲೋ, ಅಂದರೆ ಒಂಟಿ ರಾಗದೆಳೆ, ನುಡಿಸುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಗೆಳೆಯ ಟ್ರ್ಯಾಕನ್ನು ತಟ್ಟನೆ ನಿಲ್ಲಿಸಿ, ‘ಈಗ ಯಾವ ಕಾರ್ಡಿನ ಮೇಲಿದ್ದೆ?’ ಅಂತ ಕೇಳಿದ. ನನಗೆ ಗೊತ್ತಿರಲಿಲ್ಲ. ಸ್ಕೇಲು ಯಾವುದು ಅಂತ ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದೆ. ಅವನು ಕೇಳಿದ್ದು ಅದನ್ನಲ್ಲ.

ರಾಗದಲ್ಲಿ ಮನೋಧರ್ಮ ಬೆಳೆಸುವವರಿಗೆ ಹಿಂದೆ ತಂಬೂರಿ ಇರುತ್ತದೆ. ಅದರ ಶ್ರುತಿ ಕದಲುವುದಿಲ್ಲ; ಷಡ್ಜ ಎಲ್ಲಿದೆಯೋ ಅಲ್ಲೇ ಇರುತ್ತದೆ. ಕಾರ್ಡುಗಳ ಮೇಲೆ ನುಡಿಸುವವರ ಪಾಡು ಬೇರೆ. ನಾಲ್ಕು ಎಣಿಕೆಗೊಮ್ಮೆ ಕಾಲ ಕೆಳಗಿನ ನೆಲವೇ ಸರಿಯುತ್ತದೆ. ನೆಲ ಸರಿದದ್ದು ಕಿವಿಗೆ ಬೀಳದ ತನಕ ಎಷ್ಟು ವೇಗವಾಗಿ ನುಡಿಸಿದರೂ ಅದು ಸ್ಕೇಲಿನ ಸಾಧನೆಯೇ ಹೊರತು ಸೋಲೋ ಆಗುವುದಿಲ್ಲ. ಇವತ್ತು ನಾನು ಹೇಳಬೇಕಾದದ್ದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ಮೊದಲು ಕಾರ್ಡುಗಳ ಸಾಲು. ಬೇರೆಯವರ ಟ್ರ್ಯಾಕ್ ಬಿಟ್ಟು ನೀವೇ ಕಟ್ಟಿಕೊಳ್ಳಿ ಅಂತ ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. ಸ್ವಂತ ಕೈಯಲ್ಲಿ ಕಟ್ಟಿದ ಸಾಲಿನಲ್ಲಿ ತಿರುವು ಎಲ್ಲಿದೆ ಅನ್ನುವುದು ನಿಮ್ಮ ಕೈಗೇ ಗೊತ್ತಿರುತ್ತದೆ. ಸಿ ಮೇಜರ್ ಸ್ಕೇಲನ್ನು ತೆಗೆದುಕೊಳ್ಳೋಣ. ಏಳು ಸ್ವರ: ಸಿ, ಡಿ, ಇ, ಎಫ್, ಜಿ, ಎ, ಬಿ. ಒಂದೊಂದು ಸ್ವರದಿಂದ ಶುರುಮಾಡಿ, ಒಂದು ಬಿಟ್ಟು ಒಂದರಂತೆ ಮೂರು ಸ್ವರ ಪೇರಿಸಿದರೆ ಏಳು ಕಾರ್ಡುಗಳಾಗುತ್ತವೆ. ಸಿ, ಎಫ್, ಜಿ ಇವು ಮೇಜರ್, ಕಿವಿಗೆ ಬೆಳಕು. ಡಿ, ಇ, ಎ ಇವು ಮೈನರ್, ಸ್ವಲ್ಪ ಮಂಕು. ಕೊನೆಯದು ಬಿ ಡಿಮಿನಿಷ್ಡ್. ಸದ್ಯಕ್ಕೆ ಅದು ಪಕ್ಕಕ್ಕಿರಲಿ.

ಉಳಿದ ಆರರಲ್ಲಿ ಒಂದನ್ನು ಮನೆ ಅಂದುಕೊಳ್ಳಿ, ಸದ್ಯಕ್ಕೆ ಸಿ. ಮನೆಯಿಂದ ಹೊರಡಬೇಕು, ಸ್ವಲ್ಪ ಅಲೆಯಬೇಕು, ವಾಪಸು ಬರಬೇಕು. ವಾಪಸು ಕರೆತರುವ ಕೆಲಸ ಜಿ ಕಾರ್ಡಿಗೆ ಚೆನ್ನಾಗಿ ಬರುತ್ತದೆ, ಯಾಕೆಂದರೆ ಅದರೊಳಗೆ ಬಿ ಸ್ವರವಿದೆ. ಬಿ ಅನ್ನುವುದು ಸಿಗಿಂತ ಒಂದೇ ಫ್ರೆಟ್ ಕೆಳಗೆ. ಹೊಸ್ತಿಲ ಮೇಲೆ ನಿಂತವರ ಹಾಗೆ, ಒಳಗೆ ಕಾಲಿಡುವವರೆಗೆ ಅದಕ್ಕೆ ಸಮಾಧಾನವಿಲ್ಲ. ಜಿ ಸೆವೆಂತ್ ಮಾಡಿದರೆ ಎಫ್ ಸ್ವರವೂ ಸೇರುತ್ತದೆ. ಅದು ಇನ್ನೊಂದು ಕಡೆಯಿಂದ ಒಂದು ಫ್ರೆಟ್ ಇಳಿದು ಇ ಸ್ವರಕ್ಕೆ ಬೀಳಲು ಕಾಯುತ್ತಿರುತ್ತದೆ.

ಇವತ್ತಿನ ನಮ್ಮ ಸಾಲು ಇದು: ಎ ಮೈನರ್, ಎಫ್, ಸಿ, ಜಿ. ಒಂದೊಂದಕ್ಕೆ ನಾಲ್ಕು ಎಣಿಕೆ, ಒಟ್ಟು ಹದಿನಾರು. ಇದನ್ನೇ ಸಿಯಿಂದ ಶುರುಮಾಡಿದರೆ ಸಿ, ಜಿ, ಎ ಮೈನರ್, ಎಫ್ ಆಗುತ್ತದೆ. ಅದೇ ಚಕ್ರ, ಹೊಕ್ಕ ಬಾಗಿಲು ಬೇರೆ. ಮೊದಲನೆಯದು ಸ್ವಲ್ಪ ಮಂಕು, ಎರಡನೆಯದು ಬೆಳಕು. ಎರಡನ್ನೂ ಬಾರಿಸಿ ನೋಡಿ. ಮನೆ ಬದಲಾಗುವುದು ಅಂದರೇನು ಅನ್ನುವುದು ಹತ್ತು ಪುಟ ಓದಿದ್ದಕ್ಕಿಂತ ಬೇಗ ತಿಳಿಯುತ್ತದೆ.

ಎಲ್ಲರೂ ಬಾರಿಸಿ ಸವೆದ ಸಾಲು ಇದು ಅಂತ ಮೂಗು ಮುರಿಯಬೇಡಿ. ಅಭ್ಯಾಸಕ್ಕೆ ಸವೆದ ದಾರಿಯೇ ಒಳ್ಳೆಯದು. ಗೊತ್ತಿರುವ ಸಾಲನ್ನು ಮತ್ತೆ ಮತ್ತೆ ತಿರುಗಿಸುತ್ತಾ ಅದರ ಮೇಲೆ ಹೊಸದನ್ನು ಹುಟ್ಟಿಸುವ ಈ ಪದ್ಧತಿಗೆ ನೂರಾರು ವರ್ಷದ ವಯಸ್ಸಿದೆ. ಸ್ಪೇನಿನ ದಿಯೆಗೊ ಓರ್ಟಿಸ್ ಎಂಬ ಸಂಗೀತಗಾರ 1553ರಲ್ಲಿ ರೋಮಿನಲ್ಲಿ ಅಚ್ಚು ಹಾಕಿಸಿದ ಗ್ರಂಥದಲ್ಲಿ ಇದೇ ಪಾಠವಿದೆ: ಕೆಳಗೆ ಎಲ್ಲರಿಗೂ ಗೊತ್ತಿರುವ ಸಾಲು, ಮೇಲೆ ವಯೋಲ್ ಅನ್ನುವ ಕಮಾನಿನ ತಂತಿವಾದ್ಯ ನುಡಿಸುವವರ ಕಲ್ಪನೆ.

ಈಗ ಗಿಟಾರ್ ಕೈಗೆತ್ತಿಕೊಳ್ಳಿ. ಇಲ್ಲದಿದ್ದರೆ ಗಮನವಿಟ್ಟು ಕೇಳಿದರೂ ಸಾಕು. ತೆಳ್ಳನೆಯ ತಂತಿಯಿಂದ ಎಣಿಸಿ, ಎರಡನೇ ತಂತಿಯ ಒಂದನೇ ಫ್ರೆಟ್ ಒತ್ತಿ. ಅದು ಸಿ ಸ್ವರ. ಹಿಂದೆ ಎ ಮೈನರ್ ಬರುತ್ತಿದೆ. ನೀವು ಆ ಒಂದು ಸ್ವರವನ್ನು ಮೀಟಿ, ನಾಲ್ಕು ಎಣಿಕೆ ಸುಮ್ಮನೆ ಹಿಡಿದುಕೊಳ್ಳಿ. ಎಫ್ ಬಂತು. ಬೆರಳು ಕದಲಿಸಬೇಡಿ, ಅದನ್ನೇ ಮೀಟಿ. ಸಿ ಬಂತು, ಮತ್ತೆ ಅದೇ. ಮೂರು ಕಡೆಯೂ ಸ್ವರ ಒಂದೇ, ಆದರೆ ಮುಖ ಮೂರು. ಎ ಮೈನರ್ ಮೇಲೆ ಅದು ಕಾರ್ಡಿನ ಮೂರನೇ ಸ್ವರ, ಆ ದುಗುಡವೆಲ್ಲ ಅದರದೇ. ಎಫ್ ಮೇಲೆ ಐದನೆಯದು, ಅಲ್ಲಿ ಅದು ತೆಪ್ಪಗಿರುತ್ತದೆ. ಸಿ ಮೇಲೆ ಅದೇ ಯಜಮಾನ. ಇನ್ನು ಜಿ ಬಂತು. ಹಿಡಿದೇ ಇದ್ದರೆ ಕಿವಿಗೆ ಕಲ್ಲು ಸಿಕ್ಕಿದ ಹಾಗಾಗುತ್ತದೆ, ಕಾರ್ಡಿನೊಳಗಿನ ಬಿಗೂ ನಿಮ್ಮ ಸಿಗೂ ಒಂದೇ ಫ್ರೆಟ್ಟಿನ ಜಗಳ. ಆ ಗಳಿಗೆಯಲ್ಲಿ ಬೆರಳೆತ್ತಿ. ಖಾಲಿ ತಂತಿ ಬಿ ನುಡಿಯುತ್ತದೆ. ಒಂದು, ಒಂದು, ಒಂದು, ಖಾಲಿ. ಬೆರಳು ಮಾಡಿದ್ದು ಒಂದೇ ಕೆಲಸ, ಕಾರ್ಡು ಬದಲಾದದ್ದು ಕೇಳಿಸಿತು.

ಈಗ ನಮ್ಮ ಪ್ರೀತಿಯ ಐದನೇ ಫ್ರೆಟ್ಟಿನ ಪೆಟ್ಟಿಗೆಗೆ, ಅಂದರೆ ಮೊದಲು ಹೇಳಿದ ಪೆಂಟಟೋನಿಕ್ ಸ್ಕೇಲಿಗೆ ಬನ್ನಿ. ಎ ಮೈನರ್ ಪೆಂಟಟೋನಿಕ್‌ನಲ್ಲಿ ಐದು ಸ್ವರ: ಎ, ಸಿ, ಡಿ, ಇ, ಜಿ. ಬಿಯೂ ಇಲ್ಲ, ಎಫ್ಫೂ ಇಲ್ಲ. ಎಫ್ ಕಾರ್ಡಿಗೆ ಬುಡವಾದ ಸ್ವರ, ಜಿ ಕಾರ್ಡಿಗೆ ಬಣ್ಣ ಕೊಡುವ ಸ್ವರ, ಇವೆರಡೇ ಆ ಪೆಟ್ಟಿಗೆಯಿಂದ ಮಾಯ. ಹಾಗಾಗಿಯೇ ಅದರಲ್ಲಿ ನಿಲ್ಲದೆ ಓಡುತ್ತಾ ನುಡಿಸಿದರೆ ತಪ್ಪು ಅನ್ನಿಸುವುದು ಕಡಿಮೆ. ಹಾಗಾಗಿಯೇ ಕಾರ್ಡು ಬದಲಾದದ್ದೂ ಗೊತ್ತಾಗುವುದಿಲ್ಲ. ನನ್ನ ಗೆಳೆಯನ ಪ್ರಶ್ನೆಗೆ ಉತ್ತರ ಸಿಗದೆ ಹೋದದ್ದು ಇದರಿಂದಲೇ. ಪೆಂಟಟೋನಿಕ್ಕನ್ನು ಬಿಸಾಡಿ ಅನ್ನುತ್ತಿಲ್ಲ, ನಾನೂ ಬಿಸಾಡಿಲ್ಲ. ಆ ಎರಡು ಸ್ವರಗಳನ್ನು ಹೊತ್ತು ನೋಡಿ ಕರೆಯಿರಿ, ಅಷ್ಟೇ.

ಹಿಂದೆ ಬಾರಿಸುವವರು ಯಾರು? ನೀವೇ. ಫೋನಿನಲ್ಲಿ ರೆಕಾರ್ಡ್ ಮಾಡಿದರೂ ನಡೆಯುತ್ತದೆ, ಬಾರಿಸಿದ್ದನ್ನು ಹಿಡಿದು ಸುತ್ತಿ ಸುತ್ತಿ ಕೇಳಿಸುವ ಲೂಪರ್ ಪೆಡಲ್ ಇದ್ದರೆ ಇನ್ನೂ ಅನುಕೂಲ. ಲೂಪರಿನಲ್ಲಿ ನಾನು ತಿಂಗಳುಗಟ್ಟಲೆ ಮಾಡಿದ ತಪ್ಪೊಂದನ್ನು ಹೇಳಿಬಿಡುತ್ತೇನೆ. ಹದಿನಾರನೇ ಎಣಿಕೆ ಮುಗಿಯಿತು ಅಂತ ಉಸಿರು ಬಿಟ್ಟು ಪೆಡಲ್ ಒತ್ತುತ್ತಿದ್ದೆ. ಸುತ್ತು ಮರಳಿ ಬರುವಾಗ ಪ್ರತಿಸಲ ಒಂದು ಕೂದಲೆಳೆಯಷ್ಟು ಕುಂಟು. ಪೆಡಲ್ ಒತ್ತಬೇಕಾದದ್ದು ಮುಂದಿನ ಸುತ್ತಿನ ‘ಒಂದು’ ಅನ್ನುವ ಎಣಿಕೆಯ ಮೇಲೆ, ಕೈ ಆಗಲೇ ಎ ಮೈನರ್ ಬಾರಿಸುತ್ತಿರುವಾಗ. ತಾಳ ಎಣಿಸುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಎಣಿಕೆಗೆ ಇಡಿ. ನಿಧಾನವಾಯಿತು ಅನ್ನಿಸುತ್ತದೆ, ಅನ್ನಿಸಲಿ. ಬಾರಿಸಿದ್ದು ಸೊಟ್ಟಗಿದ್ದರೆ ಅಳಿಸಿ ಇನ್ನೊಮ್ಮೆ ಬಾರಿಸಿ, ಅದೂ ಅಭ್ಯಾಸವೇ. ಫ್ರೆಡ್ಡಿ ಗ್ರೀನ್ ಅಂತ ಒಬ್ಬ ಗಿಟಾರ್ ವಾದಕ ಇದ್ದರು. 1937ರಲ್ಲಿ ಕೌಂಟ್ ಬೇಸಿಯ ಜಾಝ್ ವಾದ್ಯವೃಂದ ಸೇರಿದವರು 1987ರಲ್ಲಿ ತೀರಿಕೊಳ್ಳುವ ತನಕವೂ ಅದರ ಲಯವನ್ನು ಹೊತ್ತರು. ಸೋಲೋ ನುಡಿಸಿದ್ದು ಅಪರೂಪಕ್ಕೆ. ಅಷ್ಟು ದೊಡ್ಡ ತಂಡ ಅವರ ಕಾರ್ಡುಗಳನ್ನು ನಂಬಿ ನಡೆಯಿತು. ಸೋಲೋ ಆತುರದಲ್ಲಿ ಕಾರ್ಡನ್ನು ಅಡ್ಡಾದಿಡ್ಡಿ ಬಾರಿಸಿ ಮುಗಿಸುವವರಿಗೆ ನಾನು ಈ ಹೆಸರು ಹೇಳುತ್ತೇನೆ.

ಮುಂದಿನ ಹೆಜ್ಜೆಯೂ ಅದೇ ಎರಡನೇ ತಂತಿಯ ಮೇಲೆ. ಐದನೇ ಫ್ರೆಟ್, ಆರನೇ ಫ್ರೆಟ್, ಮತ್ತೆ ಐದು, ಆಮೇಲೆ ಮೂರು. ಇ, ಎಫ್, ಇ, ಡಿ. ಕಾರ್ಡು ಬದಲಾಗುವ ಆ ಒಂದನೇ ಎಣಿಕೆಗೆ ಸರಿಯಾಗಿ ಒಂದೊಂದು ಸ್ವರ. ನಾಲ್ಕೇ ಸ್ವರವಾದರೂ ಹಾಡಿನ ಎಳೆಯೊಂದು ಮೂಡುತ್ತದೆ, ಗುನುಗಿ ನೋಡಿ. ಇದು ಗಟ್ಟಿಯಾದ ಮೇಲೆ ನಡುವಿನ ಜಾಗಕ್ಕೆ ಒಂದೆರಡು ಸ್ವರ ಸೇರಿಸಿ. ಐದರಿಂದ ಆರಕ್ಕೆ ಹೋಗುವ ಮುಂಚೆ ಮೂರಕ್ಕೆ ಇಳಿದು ಬನ್ನಿ, ಅಥವಾ ಎಂಟನೇ ಫ್ರೆಟ್ಟಿನ ಜಿ ಮುಟ್ಟಿ ಬನ್ನಿ. ಎಲ್ಲಿಗಾದರೂ ಹೋಗಿ, ಕಾರ್ಡು ಬದಲಾಗುವ ಹೊತ್ತಿಗೆ ಹೇಳಿದ ಫ್ರೆಟ್ಟಿನಲ್ಲಿರಿ. ಒಂದೇ ತಂತಿ ಅನ್ನುವ ಕಟ್ಟುಪಾಡು ಯಾಕೆಂದರೆ, ಅಲ್ಲಿ ಬೆರಳಿಗೆ ಬಾಯಿಪಾಠವಾದ ಓಟ ನಡೆಯುವುದಿಲ್ಲ. ಹಾಡುವವರ ಗಂಟಲಿನಂತೆ ಮೇಲೆ ಕೆಳಗೆ ಜಾರಬೇಕು, ಉಸಿರಿಗೆ ನಿಲ್ಲಬೇಕು.

ಉಸಿರು ಅಂದೆ. ಸಾಲನ್ನು ಮೊದಲು ಬಾಯಲ್ಲಿ ಹಾಡಿ ಆಮೇಲೆ ನುಡಿಸುವುದು ನಾಚಿಕೆಯ ಕೆಲಸ, ಒಪ್ಪುತ್ತೇನೆ. ಬಾಗಿಲು ಹಾಕಿಕೊಂಡು ಹಾಡಿ. ಬಾಯಿ ಎಂದೂ ಹದಿನಾರು ಎಣಿಕೆ ಎಡೆಬಿಡದೆ ಓಡುವುದಿಲ್ಲ.

ಸರಿಯಾಗಿ ಬರುತ್ತಿದೆಯೇ ಅಂತ ನೋಡಲು ನಾನು ಮಾಡುವುದು ಇಷ್ಟು. ಸೋಲೋ ಒಂದನ್ನೇ ರೆಕಾರ್ಡ್ ಮಾಡುತ್ತೇನೆ, ಹಿಂದಿನ ಕಾರ್ಡುಗಳು ಕಿವಿಯ ಇಯರ್‌ಫೋನಿನಲ್ಲಿ ಮಾತ್ರ. ಮಾರನೇ ದಿನ ಆ ಒಂಟಿ ಸೋಲೋ ಕೇಳುತ್ತೇನೆ. ಕಾರ್ಡುಗಳಿಲ್ಲದೆಯೂ ಅವು ಬದಲಾಗುವ ಜಾಗ ಗೊತ್ತಾದರೆ ಸರಿ. ಮೊದಲ ಸಲ ಕೇಳಿದಾಗ, ನಿಜ ಹೇಳಬೇಕೆಂದರೆ, ಏನೂ ಗೊತ್ತಾಗಲಿಲ್ಲ.

ಇದೆಲ್ಲ ಸಲೀಸಾಯಿತು ಅನ್ನಿಸಿದ ದಿನ ಸಾಲಿನ ಕೊನೆಯ ಕಾರ್ಡನ್ನು ಬದಲಿಸಿ. ಜಿ ತೆಗೆದು ಇ ಮೇಜರ್ ಹಾಕಿ. ಎ ಮೈನರ್, ಎಫ್, ಸಿ, ಇ. ಈಗ ಹೊರಗಿನವರೊಬ್ಬರು ಒಳಗೆ ಬಂದರು: ಜಿ ಶಾರ್ಪ್, ಜಿಗಿಂತ ಒಂದು ಫ್ರೆಟ್ ಮೇಲಿನ ಸ್ವರ. ಪೆಂಟಟೋನಿಕ್ ಪೆಟ್ಟಿಗೆಯ ಜಿ ಇಲ್ಲಿ ಉಳಿದರೆ ಇಬ್ಬರಿಗೂ ಆಗಿಬರುವುದು ಕಷ್ಟ. ಮೂರು ಕಾರ್ಡು ನಿಮಗಿಷ್ಟ ಬಂದ ಹಾಗೆ ನುಡಿಸಿ. ಇ ಬಂದ ಕೂಡಲೇ ಮೂರನೇ ತಂತಿಯ ಒಂದನೇ ಫ್ರೆಟ್ಟಿಗೆ ಬನ್ನಿ, ನಾಲ್ಕು ಎಣಿಕೆ ಅಲ್ಲೇ ಕಾಯಿರಿ. ಸುತ್ತು ಮರಳಿತು, ಎ ಮೈನರ್ ಬಂತು. ಬೆರಳನ್ನು ಎರಡನೇ ಫ್ರೆಟ್ಟಿಗೆ ಜಾರಿಸಿ.

ನಮಸ್ಕಾರ.