ಬಣ್ಣ ಹಚ್ಚಿ, ಕೆರೆದು, ಮುಖ ಬರೆದ ಹೆಲೆನ್ ಶೆರ್ಫ್‌ಬೆಕ್

ನಮಸ್ಕಾರ. 80 ದಾಟಿದ ಒಬ್ಬ ಕಲಾವಿದೆ. ಸ್ವಂತ ದೇಶ ಬಿಟ್ಟು ಸ್ವೀಡನ್ನಿನ ಹೋಟೆಲೊಂದರಲ್ಲಿ ವಾಸ. ಬದುಕಿನ ಕೊನೆಯ ಎರಡು ವರ್ಷಗಳಲ್ಲಿ ತಮ್ಮ ಮುಖವನ್ನೇ ಸುಮಾರು 20 ಸಲ ಬರೆದರು. ಚಿತ್ರದಿಂದ ಚಿತ್ರಕ್ಕೆ ಬಣ್ಣ ಕಡಿಮೆಯಾಗುತ್ತಾ ಹೋಯಿತು. ಚಿತ್ರ ಬರೆಯುವುದು ಅಂದರೆ ಬಣ್ಣ ಹಚ್ಚುವುದು, ಅಲ್ವಾ? ಇವರು ಯಾಕೆ ಬಣ್ಣ ತೆಗೆಯುತ್ತಾ ಹೋದರು?

ಹೆಸರು ಹೆಲೆನ್ ಶೆರ್ಫ್‌ಬೆಕ್. ಹುಟ್ಟಿದ್ದು 1862ರಲ್ಲಿ, ಹೆಲ್ಸಿಂಕಿಯಲ್ಲಿ. ಫಿನ್‌ಲೆಂಡ್ ಆಗ ರಷ್ಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ನಾಲ್ಕನೇ ವಯಸ್ಸಿಗೆ ಮೆಟ್ಟಿಲಿಂದ ಬಿದ್ದು ಸೊಂಟ ಮುರಿಯಿತು, ಕುಂಟು ಜೀವನಪೂರ್ತಿ ಉಳಿಯಿತು. 11ನೇ ವಯಸ್ಸಿಗೆ ಡ್ರಾಯಿಂಗ್ ಶಾಲೆಯಲ್ಲಿ ಉಚಿತ ಸೀಟು. 1880ರಲ್ಲಿ ಪ್ಯಾರಿಸ್. 1888ರಲ್ಲಿ ಇಂಗ್ಲೆಂಡಿನ ಸೇಂಟ್ ಐವ್ಸ್ ಊರಿನಲ್ಲಿ, ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವ ಮಗುವಿನ ಚಿತ್ರ ಬರೆದರು. ಬಟ್ಟೆ ಸುತ್ತಿಕೊಂಡ ಮಗು, ಕೈಯಲ್ಲಿ ಚಿಗುರೊಡೆದ ಪುಟ್ಟ ಕಡ್ಡಿ. ಮರುವರ್ಷ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಅದಕ್ಕೆ ಕಂಚಿನ ಪದಕ. ಅದೇ ದಾರಿಯಲ್ಲಿ ಹೋಗಿದ್ದರೆ ಬದುಕು ಸಲೀಸಾಗಿ ನಡೆಯುತ್ತಿತ್ತು. ಅವರು ಹೋಗಲಿಲ್ಲ.

1902ರಲ್ಲಿ ತಾಯಿಯ ಜೊತೆ ಹುವಿಂಕಾ ಎಂಬ ಸಣ್ಣ ಊರು ಸೇರಿದರು. ಅಲ್ಲಿ 20 ವರ್ಷಕ್ಕೂ ಜಾಸ್ತಿ ಇದ್ದರು. ಮಾಡೆಲ್ ಆಗಿ ಕೂರುತ್ತಿದ್ದವರು ತಾಯಿ, ಶಾಲೆ ಹುಡುಗಿಯರು, ಹೊಲಿಗೆ ಕೆಲಸದ ಹೆಂಗಸರು. ಶೆರ್ಫ್‌ಬೆಕ್ ಅವರನ್ನು ಲೋಕದಿಂದ ದೂರ ಉಳಿದ ಒಂಟಿ ಜೀವ ಅಂತ ಬರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಫ್ಯಾಷನ್ ಪತ್ರಿಕೆ ಓದುತ್ತಿದ್ದರು, ಅದರಿಂದ ಉಡುಪಿನ ಗೆರೆ ಕಲಿತರು. ಸ್ಪೇನಿನಲ್ಲಿ ಕೆಲಸ ಮಾಡಿದ ಹಳೇ ಕಾಲದ ಕಲಾವಿದ ಎಲ್ ಗ್ರೆಕೊ ಅವರ, ಪುಸ್ತಕದಲ್ಲಿ ಅಚ್ಚಾದ ಚಿತ್ರಗಳನ್ನು ನೋಡಿ ತಮ್ಮದೇ ರೀತಿಯಲ್ಲಿ ಮತ್ತೆ ಬರೆದರು. ಲೋಕವೇ ಅಂಚೆಯಲ್ಲಿ ಮನೆಗೆ ಬರುತ್ತಿತ್ತು!

[ಪರದೆ ಮೇಲೆ: 1915ರ ಸೆಲ್ಫ್ ಪೋರ್ಟ್ರೇಟ್, ಕಪ್ಪು ಹಿನ್ನೆಲೆ]

ಇಲ್ಲಿ ಸ್ವಲ್ಪ ನಿಲ್ಲೋಣ, ನನಗೆ ತುಂಬಾ ಇಷ್ಟದ ಚಿತ್ರ ಇದು. ಫಿನ್ನಿಶ್ ಆರ್ಟ್ ಸೊಸೈಟಿ ತನ್ನ ಸಭಾ ಕೋಣೆಗೆ ಕಲಾವಿದರಿಂದ ಸೆಲ್ಫ್ ಪೋರ್ಟ್ರೇಟ್, ಅಂದರೆ ಅವರವರದೇ ಮುಖದ ಚಿತ್ರ, ಬರೆಸಿತು. ಅವರಲ್ಲಿ ಹೆಂಗಸು ಇವರೊಬ್ಬರೇ. ಬಿಳಿಚಿದ ಮುಖ, ಕೆನ್ನೆಯಲ್ಲಿ ಕೆಂಪು, ಕತ್ತಿನ ಹತ್ತಿರ ಒಂದು ಬ್ರೋಚ್, ಅಂದರೆ ಬಟ್ಟೆಗೆ ಸಿಕ್ಕಿಸುವ ಒಡವೆ. ಹಿಂದೆ ಬ್ರಶ್ ಇಟ್ಟ ಕೆಂಪು ಡಬ್ಬಿ. ಮೇಲೆ ಕಪ್ಪು ಹಿನ್ನೆಲೆಯಲ್ಲಿ ದೊಡ್ಡ ಅಕ್ಷರದಲ್ಲಿ ಅವರ ಹೆಸರು, ಅರ್ಧ ಅಳಿಸಿದ ಹಾಗೆ.

ಈಗ ಅವರ ಕೆಲಸದ ರೀತಿ ಕೇಳಿ. ಬಣ್ಣ ಹಚ್ಚುತ್ತಿದ್ದರು. ಆಮೇಲೆ ಬಣ್ಣ ಕಲಸುವ ಚಪ್ಪಟೆ ಚಾಕು, ಪ್ಯಾಲೆಟ್ ನೈಫಿನಿಂದ ಕೆರೆಯುತ್ತಿದ್ದರು, ಉಜ್ಜುತ್ತಿದ್ದರು. ಮತ್ತೆ ಹಚ್ಚುವುದು, ಮತ್ತೆ ಕೆರೆಯುವುದು. ಎಷ್ಟೋ ಚಿತ್ರಗಳಲ್ಲಿ ಕ್ಯಾನ್ವಾಸಿನ ನೇಯ್ಗೆಯೇ ಕಾಣುತ್ತದೆ. ನಮ್ಮೂರ ಹಳೇ ಮನೆಯ ಗೋಡೆಯಲ್ಲಿ ನೀಲಿ ಸುಣ್ಣ ಉದುರಿದ ಕಡೆ ಒಳಗಿನ ಹಳದಿ, ಅದರೊಳಗೆ ಮಣ್ಣು ಕಾಣುತ್ತಲ್ಲ, ಹಾಗೆ. ಗೋಡೆಯಲ್ಲಿ ಅದು ತಾನಾಗಿ ಆಗುತ್ತದೆ. ಇವರು ಎಲ್ಲಿ ಎಷ್ಟು ಉಳಿಯಬೇಕು ಅಂತ ಕೈಯಾರೆ ತೀರ್ಮಾನಿಸುತ್ತಿದ್ದರು. ಕೆನ್ನೆಯ ಒಂದು ಬದಿ ಗಟ್ಟಿ, ಇನ್ನೊಂದು ಬದಿ ಬರೀ ನೆರಳು. ಹಚ್ಚಿದ್ದನ್ನು ಹೀಗೆ ತೆಗೆಯಲು ಎಷ್ಟು ಧೈರ್ಯ ಬೇಕು ಯೋಚಿಸಿ. ಒಂದು ಸಲ ಜಾಸ್ತಿ ಕೆರೆದರೆ ಮುಖವೇ ಹೋಯಿತು.

ಟೈಮ್ ಆಗುತ್ತಾ ಬಂತು, ಮಿಕ್ಕಿದ್ದನ್ನು ಬೇಗ ಹೇಳುತ್ತೇನೆ. 1913ರಲ್ಲಿ ಚಿತ್ರ ವ್ಯಾಪಾರಿ ಗೊಸ್ಟಾ ಸ್ಟೆನ್‌ಮನ್ ಪರಿಚಯವಾದರು. 1917ರಲ್ಲಿ ಮೊದಲ ಏಕವ್ಯಕ್ತಿ ಪ್ರದರ್ಶನ. ಆಗ ವಯಸ್ಸು 55! ಅದೇ ವರ್ಷ ಅರಣ್ಯ ನಿರ್ವಹಣೆಯ ಕೆಲಸದವರಾದ, ಚಿತ್ರಕಲೆಯನ್ನೂ ಬಲ್ಲ ಗೆಳೆಯ ಐನಾರ್ ರಾಯ್ಟರ್ ಇವರ ಬಗ್ಗೆ ಪುಸ್ತಕ ಬರೆದರು. 1937ರಲ್ಲಿ ಸ್ಟಾಕ್‌ಹೋಮ್ ಪ್ರದರ್ಶನ. 1944ರಲ್ಲಿ, ಯುದ್ಧದ ನಡುವೆ, ಸ್ವೀಡನ್ನಿಗೆ ಹೋದರು.

[ಪರದೆ ಮೇಲೆ: 1944ರ ಸೆಲ್ಫ್ ಪೋರ್ಟ್ರೇಟ್, ಕೆಂಪು ಚುಕ್ಕೆ]

ಹೋಟೆಲಿನಲ್ಲಿ ಬರೆದ ಆ ಮುಖಗಳನ್ನು ನೋಡಿ. ಕೂದಲಿಲ್ಲ, ಬ್ರೋಚಿಲ್ಲ. ಇದರಲ್ಲಿ ತುಟಿಯ ಮೇಲೆ ಒಂದೇ ಒಂದು ಕೆಂಪು ಚುಕ್ಕೆ. ಇದು ಸಾವಿನ ಭಯ ಅಂತ ಸುಮ್ನೆ ಮುಗಿಸುವವರು ಜಾಸ್ತಿ. ನನಗೆ ಕಾಣುವುದು ಬೇರೆ. 1915ರಲ್ಲಿ ಶುರುವಾದ ಲೆಕ್ಕವೇ ಇಲ್ಲಿಯವರೆಗೂ ನಡೆದಿದೆ: ಎಷ್ಟರವರೆಗೆ ತೆಗೆದರೆ ಮುಖ ಮುಖವಾಗೇ ಉಳಿಯುತ್ತದೆ? ಅದನ್ನು ಪರೀಕ್ಷಿಸಲು ದಿನಾ ಸಿಗುವ ಮಾಡೆಲ್ ಕನ್ನಡಿಯಲ್ಲೇ ಇದ್ದರು.

1946ರ ಜನವರಿಯಲ್ಲಿ ತೀರಿಕೊಂಡರು. ಅವರ ಹುಟ್ಟಿದ ದಿನ ಜುಲೈ 10 ಈಗ ಫಿನ್‌ಲೆಂಡಿನಲ್ಲಿ ಚಿತ್ರಕಲೆಯ ದಿನ. ಈ ಎರಡೂ ಚಿತ್ರಗಳು ಹೆಲ್ಸಿಂಕಿಯ ಅಟೆನಿಯಮ್ ಮ್ಯೂಸಿಯಂನಲ್ಲಿವೆ. ನೆಟ್‌ನಲ್ಲಿ ಹುಡುಕಿ, ಪಕ್ಕಪಕ್ಕ ಇಟ್ಟು, ಕೆನ್ನೆಯ ಹತ್ತಿರ ದೊಡ್ಡದು ಮಾಡಿ ನೋಡಿ.