ಬೆಲ್ ಒತ್ತಿ, ಒಳಗೆ ಹೋಗಿ

ನಮಸ್ಕಾರ. ಹಿಂದೆ ನಿಂತಿರುವವರು ಮುಂದೆ ಬನ್ನಿ, ಮೊದಲ ಸಾಲು ಖಾಲಿ ಇದೆ. ಮೈಸೂರಿನಲ್ಲಿ ಮೊದಲ ಸಾಲು ಯಾವತ್ತು ತುಂಬಿತ್ತು ಹೇಳಿ!

ಹೋದ ವಾರ ನಿಮ್ಮಲ್ಲೇ ಒಬ್ಬ ಹುಡುಗ ಕ್ಯಾಂಟೀನಿನಲ್ಲಿ ಹಿಡಿದುಕೊಂಡ. "ಸರ್, ಬರ್ಲಿನ್‌ಗೆ ಹೋಗಿದ್ರಂತೆ. ಅರ್ಥ ಆಗದೇ ಇರೋ ಕಲೇನ ಅಷ್ಟು ದೂರ ಹೋಗಿ ಯಾಕ್ ನೋಡ್ಬೇಕು?" ನಾನು ಉತ್ತರ ಕೊಡಲಿಲ್ಲ. ಬಾಯಲ್ಲಿ ಬೋಂಡಾ ಇತ್ತು. ಇವತ್ತು ಕೊಡುತ್ತೇನೆ.

ಬರ್ಲಿನ್‌ನಲ್ಲಿ ಏಪ್ರಿಲ್ ಕೊನೆಗೋ ಮೇ ಶುರುವಿಗೋ ಗ್ಯಾಲರಿ ವೀಕೆಂಡ್ ಅಂತ ನಡೆಯುತ್ತದೆ. 2005ರಲ್ಲಿ ಶುರುವಾದದ್ದು. ಊರಿನ ಹತ್ತಾರು ಗ್ಯಾಲರಿಗಳು ಒಟ್ಟಿಗೆ ಹೊಸ ಪ್ರದರ್ಶನ ತೆರೆಯುತ್ತವೆ. ಟಿಕೆಟ್ ಇಲ್ಲ. ವಸಂತ ಅಂದ ತಕ್ಷಣ ಮಾವಿನ ಚಿಗುರು, ಕೋಗಿಲೆ ಅಂದುಕೊಳ್ಳಬೇಡಿ. ಅಲ್ಲಿನ ಏಪ್ರಿಲ್ ತನಗೆ ತೋಚಿದ್ದು ಮಾಡುತ್ತೆ ಅಂತ ಅವರದೇ ಗಾದೆ ಇದೆ. ಬೆಳಿಗ್ಗೆ ಬಿಸಿಲು, ಹನ್ನೊಂದಕ್ಕೆ ಆಲಿಕಲ್ಲು, ಮಧ್ಯಾಹ್ನ ಚೆರ‍್ರಿ ಹೂವು. ನನ್ನ ಕೊಡೆ ಎರಡನೇ ದಿನವೇ ಮುರಿಯಿತು.

ನಾನು ಹೋದದ್ದು ವೀಕೆಂಡಿಗೆ ಎರಡು ದಿನ ಮೊದಲು. ಅಲ್ಲಿ ಎಷ್ಟೋ ಗ್ಯಾಲರಿಗಳು ರಸ್ತೆಗೆ ಕಾಣುವುದಿಲ್ಲ. ಹಳೇ ಕಟ್ಟಡದ ದೊಡ್ಡ ಬಾಗಿಲು, ಪಕ್ಕದಲ್ಲಿ ಬೆಲ್‌ಗಳ ಒಂದು ಹಲಗೆ, ಒಂದೊಂದು ಬೆಲ್ಲಿಗೂ ಬೆರಳುಗುರಿನಷ್ಟು ಹೆಸರು. ಬಾಗಿಲು ಮುಚ್ಚಿರುತ್ತದೆ. ಒತ್ತಬಹುದೋ ಒತ್ತಬಾರದೋ? ಹತ್ತು ನಿಮಿಷ ನಿಂತೆ. ಆಲಿಕಲ್ಲು ಬಿತ್ತು ನೋಡಿ, ಧೈರ್ಯ ಬಂತು. ಎರಡನೇದನ್ನು ಒತ್ತಿದೆ.

ಬಾಗಿಲು ತೆರೆಯಿತು. ಮೊದಲ ಮಹಡಿ. ಬಿಳೀ ಕೋಣೆ. ಐದು ಕುರ್ಚಿ. ಒಂದು ಅಕ್ವೇರಿಯಂ, ಅದರಲ್ಲಿ ಒಂದೇ ಮೀನು. ಮೂಲೆಯಲ್ಲಿ ಒಬ್ಬ ಅಜ್ಜ ಕೆನ್ನೆ ಹಿಡಿದುಕೊಂಡು ಕೂತಿದ್ದಾನೆ. ಅಲ್ಲಾಡುವುದಿಲ್ಲ. ಒಳಗಿಂದ ಸಣ್ಣಗೆ ಗುಂಯ್ ಅಂತ ಸದ್ದು, ನಿಲ್ಲುತ್ತದೆ, ಮತ್ತೆ ಗುಂಯ್. ಸೌಂಡ್ ಇನ್‌ಸ್ಟಲೇಷನ್, ಅಂದರೆ ಸದ್ದಿನಿಂದಲೇ ಮಾಡಿದ ಕಲಾಕೃತಿ, ಎಷ್ಟು ಚೆನ್ನಾಗಿದೆ ಅಂದುಕೊಂಡೆ. ಪುಸ್ತಕ ತೆಗೆದು ಬರೆದುಕೊಂಡೆ ಕೂಡ: 'ಒಂಟಿತನ, ಕಾಯುವುದು, ಯಂತ್ರ.' ನಗಬೇಡಿ, ಆ ಪುಸ್ತಕ ಇನ್ನೂ ಇದೆ. ಅಷ್ಟರಲ್ಲಿ ಒಬ್ಬ ಹೆಂಗಸು ಬಂದು ಇನ್ಶೂರೆನ್ಸ್ ಕಾರ್ಡ್ ಕೇಳಿದರು.

ಹಲ್ಲಿನ ಡಾಕ್ಟರ ಕ್ಲಿನಿಕ್ಕು!

ಸರಿ, ನಗು ಮುಗಿಯಿತಾ? ಈಗ ಕೇಳಿ. ಆ ಮೀನನ್ನು, ಆ ಅಜ್ಜನ ಕೈಯನ್ನು ನಾನು ನೋಡಿದ ಹಾಗೆ ಯಾವ ಮ್ಯೂಸಿಯಂನಲ್ಲೂ ಏನನ್ನೂ ನೋಡಿಲ್ಲ. ಅರ್ಥ ಏನು ಅಂತ ಹೆದರುತ್ತಿರಲಿಲ್ಲ, ಸುಮ್ನೆ ನೋಡುತ್ತಿದ್ದೆ. ಜಗನ್ಮೋಹನ ಅರಮನೆಯಲ್ಲಿ ಹಳದಣ್ಕರ್ ಅವರ ದೀಪದ ಹೆಂಗಸಿನ ಚಿತ್ರದ ಮುಂದೆ ನೀವೆಲ್ಲ ನಿಂತಿದ್ದೀರಿ. ಕತ್ತಲಲ್ಲಿ ಅವಳ ಬೆರಳು ಕೆಂಪಗೆ ಹೊಳೆಯುವುದನ್ನು ನೋಡುವಾಗ ಅರ್ಥ ಕೇಳಿದ್ರಾ? ಅಲ್ಲಿ ಕೇಳದ್ದನ್ನು ಬರ್ಲಿನ್‌ನಲ್ಲಿ ಯಾಕೆ ಕೇಳಬೇಕು?

ಹಾಂಬುರ್ಗರ್ ಬಾನ್‌ಹೋಫ್ ಅಂತ ಒಂದು ಮ್ಯೂಸಿಯಂ ಇದೆ. 1846ರ ರೈಲ್ವೆ ಸ್ಟೇಷನ್, 1996ರಿಂದ ಇವತ್ತಿನ ಕಲೆಗೆ ಮನೆ. ಜರ್ಮನ್ ಕಲಾವಿದ ಜೋಸೆಫ್ ಬಾಯ್ಸ್ ಮಾಡಿದ ಕೊಬ್ಬಿನ ದಿಮ್ಮಿಗಳು ಅಲ್ಲಿನ ಸಂಗ್ರಹದಲ್ಲಿವೆ. ಹೌದು, ಕೊಬ್ಬು. 1977ರಲ್ಲಿ ಮ್ಯೂನ್‌ಸ್ಟರ್ ಊರಿನ ಒಂದು ಸುರಂಗ ದಾರಿಯ ಪಕ್ಕ, ಯಾರಿಗೂ ಬೇಡದ ಒಂದು ಮೂಲೆ ಅವರ ಕಣ್ಣಿಗೆ ಬಿತ್ತು. ನಮ್ಮಲ್ಲಿ ಅಂಥ ಮೂಲೆ ಏನಕ್ಕೆ ಬಳಕೆಯಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಅವರು ಆ ಖಾಲಿ ಜಾಗದ ಅಳತೆಗೆ ಅಚ್ಚು ಮಾಡಿ ಸುಮಾರು 20 ಟನ್ ಕೊಬ್ಬು ಕರಗಿಸಿ ಸುರಿದರು. ಆಮೇಲೆ ಕತ್ತರಿಸಿದರು. ಮುಂದೆ ನಿಂತರೆ ಹಳದಿ ಬಿಳುಪಿನ ಬಂಡೆ, ಆದರೂ ಮೆತ್ತಗಿರಬಹುದೇನೋ ಅಂತ ಬೆರಳು ತುರಿಸುತ್ತದೆ. ಮುಟ್ಟಿದರೆ ಗಾರ್ಡ್ ಬರುತ್ತಾರೆ. ಬಾಯ್ಸ್ ಅವರದೇ ಇನ್ನೊಂದು ಕೃತಿ, ಮೂಲೆಗೆ ಮೆತ್ತಿದ ಬೆಣ್ಣೆಯನ್ನು, ಡ್ಯುಸೆಲ್‌ಡಾರ್ಫ್ ಕಲಾಶಾಲೆಯಲ್ಲಿ 1986ರಲ್ಲಿ ಕಸ ಅಂತ ಒರೆಸಿ ಹಾಕಿದ್ದರು. ಕೇಸಾಗಿ ಕೊನೆಗೆ ಆಗಿನ ಜರ್ಮನ್ ದುಡ್ಡಿನಲ್ಲಿ 40,000 ಮಾರ್ಕ್ ಪರಿಹಾರ! ಒರೆಸಿದವರನ್ನು ನಾನು ಬೈಯುವುದಿಲ್ಲ. ಅವರು ಕನಿಷ್ಠ ಒಳಗೆ ಹೋಗಿ ಹತ್ತಿರದಿಂದ ನೋಡಿದ್ದರು.

ಬೆಲ್ ಒತ್ತಿದರೂ ತೆರೆಯದ ಬಾಗಿಲು ಒಂದಿದೆ. ಬೋರೋಸ್ ಬಂಕರ್. ಮೊದಲೇ ಬುಕ್ ಮಾಡಿರಬೇಕು. ನಾಜಿಗಳು ಮಹಾಯುದ್ಧದ ಕಾಲದಲ್ಲಿ ಕಟ್ಟಿದ ಕಾಂಕ್ರೀಟ್ ಡಬ್ಬ. ಯುದ್ಧ ಮುಗಿದ ಮೇಲೆ ರಷ್ಯನ್ ಸೈನ್ಯದ ಜೈಲು. ಆಮೇಲೆ ಕ್ಯೂಬಾದಿಂದ ಬಂದ ಹಣ್ಣಿನ ಗೋದಾಮು, ಜನ ಅದನ್ನು ಬಾಳೆಹಣ್ಣಿನ ಬಂಕರ್ ಅಂತಲೇ ಕರೆದರು. ಬರ್ಲಿನ್ ಗೋಡೆ ಬಿದ್ದ ಮೇಲೆ ಟೆಕ್ನೋ ಕ್ಲಬ್. 2003ರಲ್ಲಿ ಬೋರೋಸ್ ಅನ್ನುವ ಜಾಹೀರಾತಿನವರು ಕೊಂಡರು, 2008ರಿಂದ ಅವರ ಕಲಾಸಂಗ್ರಹ ಅಲ್ಲಿದೆ, ಸಂಸಾರ ಮಹಡಿಯ ಮೇಲೆ. ಒಡೆದು ಅಪಾರ್ಟ್‌ಮೆಂಟ್ ಕಟ್ಟಲಿಲ್ಲ, ಗಮನಿಸಿ. ಅಷ್ಟು ದಪ್ಪ ಗೋಡೆ ಒಡೆಯುವ ಖರ್ಚೇ ಜಾಸ್ತಿ ಅಂತಲೂ ಇರಬಹುದು ಬಿಡಿ.

ಚೀಟಿ ಬಂತು. ಐದು ನಿಮಿಷ ಅಂತೆ. ಸೇಂಟ್ ಆಗ್ನೆಸ್ ಚರ್ಚು ಗ್ಯಾಲರಿಯಾದದ್ದು, ಮಾರ್ಗರೀನ್ ಕಾರ್ಖಾನೆ ಕೆವಿ ಕಲಾಕೇಂದ್ರವಾದದ್ದು, ಇವೆಲ್ಲ ಇವತ್ತಿಗಿಲ್ಲ. ಒಂದು ಮಾತ್ರ ಹೇಳಿಬಿಡುತ್ತೇನೆ. ತಿಂಗಳ ಮೊದಲ ಭಾನುವಾರ ಮ್ಯೂಸಿಯಂಗಳು ಪುಕ್ಕಟೆ ಇದ್ದವು, ದುಡ್ಡಿಲ್ಲ ಅಂತ 2024ರ ಕೊನೆಗೆ ನಿಲ್ಲಿಸಿದರು. ಆದ್ದರಿಂದ ಜೇಬು ಖಾಲಿ ಇದ್ದವರು ಗ್ಯಾಲರಿ ಬೆಲ್ಲನ್ನೇ ಒತ್ತಿ.

ಹಾಂ, ಆ ದಿನ ಏನಾಯಿತು ಅಂತ ಹೇಳಲಿಲ್ಲ ಅಲ್ವಾ? ಕ್ಲಿನಿಕ್ಕಿನ ಹೆಂಗಸೇ ನನ್ನನ್ನು ಮೂರನೇ ಮಹಡಿಗೆ ಕಳಿಸಿದರು. ಅಲ್ಲಿ ಏಣಿ, ಬಣ್ಣದ ಡಬ್ಬ, ಖಾಲಿ ಗೋಡೆ. ಶುಕ್ರವಾರ ಬನ್ನಿ ಅಂದರು. ಶುಕ್ರವಾರ ಹೋದೆ. ಮೆಟ್ಟಿಲ ತುಂಬ ಜನ. ಒಳಗೆ ಒಂದು ದೊಡ್ಡ ನೀಲಿ ಬಟ್ಟೆಯ ಮುಂದೆ ಯಾರೋ ವೈನ್ ಗ್ಲಾಸ್ ಹಿಡಿದು ಒಬ್ಬರೇ ನಿಂತಿದ್ದರು. ತಿರುಗಿದರು. ಅವರೇ.

"ಹಲ್ಲು ಹೇಗಿದೆ?" ಅಂದರು.